ವಿದೇಶದಲ್ಲಿ ಗಲಭೆಯಾಗಿ ವಿಮಾನ ನಿಂತರೆ ಪ್ರಯಾಣ ವಿಮೆ ಯಾವುದಕ್ಕೆ ಹಣ ಕೊಡುತ್ತದೆ?

2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣದಲ್ಲಿ ಹಾರಾಟ ನಿಂತಿತು. ಹಿಂದಿನ ದಿನ ಯುವಜನರ ಪ್ರತಿಭಟನೆಯ ಮೇಲೆ ಗುಂಡು ಹಾರಿ ಸಾವುಗಳಾಗಿದ್ದವು. 9ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು, ರಾತ್ರಿ ಸೇನೆ ಬೀದಿಗಿಳಿಯಿತು. ನಿಲ್ದಾಣ ಮತ್ತೆ ತೆರೆದದ್ದು ಮರುದಿನ ಸಂಜೆ. ಪಶುಪತಿನಾಥ ಮತ್ತು ಮುಕ್ತಿನಾಥದ ಯಾತ್ರೆಗೆಂದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದಲೂ ನೇಪಾಳಕ್ಕೆ ಹೋಗುವವರಿದ್ದಾರೆ. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಇದ್ದರೂ ಸಾಕು, ಹೀಗಾಗಿ ಅನೇಕರ ಮನಸ್ಸಿನಲ್ಲಿ ಅದು ವಿದೇಶ ಪ್ರಯಾಣವೇ ಅಲ್ಲ, ವಿಮೆಯ ಮಾತೂ ಏಳುವುದಿಲ್ಲ. ಅಂಥ ಯಾತ್ರಿಕರೊಬ್ಬರ ಬಳಿ ಪ್ರಯಾಣ ವಿಮೆಯ ಪಾಲಿಸಿ ಇದ್ದಿದ್ದರೆ ಕಂಪನಿ ಅವರಿಗೆ ಏನು ಕೊಡಬೇಕಾಗುತ್ತಿತ್ತು? ಘಟನೆ ಎಷ್ಟು ಭೀಕರವಾಗಿತ್ತು ಎಂಬುದರಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಪಾಲಿಸಿಯ ಪ್ರಕಾರ ಆ ಘಟನೆ ಯಾವ ವರ್ಗಕ್ಕೆ ಸೇರುತ್ತದೆ, ಪಾಲಿಸಿಯನ್ನು ಯಾವ ದಿನ ಕೊಂಡದ್ದು, ಮತ್ತು ನಷ್ಟದಲ್ಲಿ ಎಷ್ಟು ಪಾಲನ್ನು ಬೇರೆಯವರು ಈಗಾಗಲೇ ತುಂಬಿಕೊಟ್ಟಿದ್ದಾರೆ ಎಂಬ ಮೂರು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ.

ಮೊದಲು ತಿಳಿಯಬೇಕಾದದ್ದು, ಸಾಮಾನ್ಯ ಪ್ರಯಾಣ ವಿಮೆ ‘ರಾಜಕೀಯ ಅಶಾಂತಿ’ ಎಂಬುದಕ್ಕೆ ವಿಮೆ ಮಾಡುವುದಿಲ್ಲ. ಅದು ವಿಮೆ ಮಾಡುವುದು ವಿಳಂಬ, ರದ್ದತಿ, ಅರ್ಧಕ್ಕೆ ನಿಂತ ಪ್ರವಾಸ, ತಪ್ಪಿದ ಸಂಪರ್ಕ ವಿಮಾನ, ಕಳೆದ ಸಾಮಾನು, ಆಸ್ಪತ್ರೆಯ ಖರ್ಚು ಎಂಬ ನಿರ್ದಿಷ್ಟ ಪರಿಣಾಮಗಳಿಗೆ. ಪ್ರತಿಯೊಂದಕ್ಕೂ ಬೇರೆ ಮಿತಿ, ಬೇರೆ ಷರತ್ತು. ಪ್ರೀಮಿಯಂನ ದೊಡ್ಡ ಪಾಲು ಆಸ್ಪತ್ರೆಯ ಖರ್ಚಿನ ಭಾಗಕ್ಕೇ ಹೋಗುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೊಗಳ ವಿಮೆಯೂ ವೈದ್ಯಕೀಯ ಚಿಕಿತ್ಸೆ ಮತ್ತು ಸ್ವದೇಶಕ್ಕೆ ಮರಳಿಸುವ ವೆಚ್ಚವನ್ನಷ್ಟೇ ಕೇಳುತ್ತದೆ. ವಿಮಾನ ರದ್ದಾದರೆ ಹಣ ಸಿಗಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ವೀಸಾ ಅರ್ಜಿಗೆ ಲಗತ್ತಿಸಲು ಎಲ್ಲಕ್ಕಿಂತ ಅಗ್ಗದ ಪಾಲಿಸಿಯನ್ನು ಕೊಂಡವರು, ಅದರಲ್ಲಿ ರದ್ದತಿಯ ಭಾಗವೇ ಇಲ್ಲ ಎಂಬುದನ್ನು ವಿಮಾನ ನಿಂತ ದಿನವೇ ಕಂಡುಕೊಳ್ಳುವುದು ಹೊಸದೇನಲ್ಲ.

ವಿಳಂಬದ ಭಾಗ ಎಲ್ಲಕ್ಕಿಂತ ಸರಳವಾದದ್ದು, ಏಕೆಂದರೆ ಅದು ಮುಖ್ಯವಾಗಿ ಗಡಿಯಾರವನ್ನು ನೋಡುತ್ತದೆ. ನಿಗದಿತ ಸಮಯಕ್ಕಿಂತ ಇಷ್ಟು ಗಂಟೆ ತಡವಾದರೆ ಇಷ್ಟು ಡಾಲರ್ ಎಂದು ಅದರಲ್ಲಿ ಬರೆದಿರುತ್ತದೆ. ಮೊದಲ 12 ಗಂಟೆಗಳಿಗೆ ಏನೂ ಇಲ್ಲ, ಆಮೇಲೆ ಪೂರ್ತಿಯಾದ ಪ್ರತಿ 12 ಗಂಟೆಗೆ 50 ಡಾಲರ್, ಒಟ್ಟು 200 ಡಾಲರ್‌ಗಿಂತ ಹೆಚ್ಚಿಲ್ಲ ಎಂಬ ಪಾಲಿಸಿಯೊಂದನ್ನು ಊಹಿಸಿಕೊಳ್ಳೋಣ. ಕಠ್ಮಂಡುವಿನಲ್ಲಿ 30 ಗಂಟೆ ಕಾದವರಿಗೆ ಇದರಿಂದ ದೊರೆಯುವುದು 50 ಡಾಲರ್. ಇನ್ನು 2008ರ ನವೆಂಬರ್ 25ರಂದು ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣವನ್ನು ಸರ್ಕಾರದ ವಿರುದ್ಧ ಪ್ರತಿಭಟಿಸುತ್ತಿದ್ದವರು ಆಕ್ರಮಿಸಿಕೊಂಡಾಗ, ಡಿಸೆಂಬರ್ 2ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆಡಳಿತ ಪಕ್ಷವನ್ನು ವಿಸರ್ಜಿಸುವವರೆಗೂ ಅವರು ಕದಲಲಿಲ್ಲ; ಪ್ರಯಾಣಿಕರು ಒಂದು ವಾರಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡರು. ಎಂಟು ದಿನ ಕಾದವರ ಲೆಕ್ಕ ಇದೇ ಪಾಲಿಸಿಯಲ್ಲಿ 750 ಡಾಲರ್‌ಗೆ ಬರುತ್ತದೆ, ಆದರೆ ಕೈಗೆ ಬರುವುದು 200 ಮಾತ್ರ. ಕೊಳ್ಳುವಾಗ ಜನ ಸಾಮಾನ್ಯವಾಗಿ ‘ಎಷ್ಟು ಗಂಟೆಯ ಮೇಲೆ’ ಎಂದು ಕೇಳುತ್ತಾರೆ. ರಾಜಕೀಯ ಕಾರಣಕ್ಕೆ ನಿಲ್ದಾಣಗಳು ಮುಚ್ಚಿದಾಗ ನಿಜವಾಗಿ ಕಡಿಯುವುದು ಗರಿಷ್ಠ ಮಿತಿ. ಜೊತೆಗೆ, ಕೆಲವು ಪಾಲಿಸಿಗಳು ವಿಳಂಬಕ್ಕೂ ಕಾರಣಗಳ ಪಟ್ಟಿಯೊಂದನ್ನು ಹಾಕಿರುತ್ತವೆ ಎಂಬುದನ್ನು ಗಮನಿಸಬೇಕು.

ರದ್ದತಿ ಮತ್ತು ಮೊಟಕಾದ ಪ್ರವಾಸದ ಭಾಗಗಳಲ್ಲಿ ಹಣ ದೊಡ್ಡದು, ದಾರಿಯೂ ಇಕ್ಕಟ್ಟು. ಇಲ್ಲಿ ಪಾಲಿಸಿ ಒಪ್ಪಿಕೊಂಡ ಕಾರಣಗಳನ್ನು ಹೆಸರಿಸಿ ಪಟ್ಟಿ ಮಾಡಿರುತ್ತದೆ: ಪ್ರಯಾಣಿಕರ ಅಥವಾ ಅವರ ಹತ್ತಿರದ ಕುಟುಂಬದವರ ಸಾವು, ಗಂಭೀರ ಕಾಯಿಲೆ, ನೈಸರ್ಗಿಕ ವಿಕೋಪ ಇತ್ಯಾದಿ. ಪಟ್ಟಿಯಲ್ಲಿಲ್ಲದ ಕಾರಣಕ್ಕೆ, ಅದು ಎಷ್ಟೇ ನ್ಯಾಯವಾದದ್ದಾಗಿದ್ದರೂ, ಹಣವಿಲ್ಲ. ಕೆಲವು ಕಂಪನಿಗಳು ಈ ಪಟ್ಟಿಯಲ್ಲಿ ಗಲಭೆ, ಮುಷ್ಕರ ಮತ್ತು ನಾಗರಿಕ ಕ್ಷೋಭೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ, ಇನ್ನು ಕೆಲವು ಹೆಚ್ಚಿನ ಪ್ರೀಮಿಯಂ ಪಡೆದು ಸೇರಿಸುತ್ತವೆ. ನಮ್ಮ ಪ್ರಶ್ನೆಗೆ ಇಡೀ ಪಾಲಿಸಿಯಲ್ಲಿ ಇದೊಂದು ಸಾಲೇ ಅತಿ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ.

ಆ ಸಾಲು ಇದ್ದರೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಪಾಲಿಸಿಯ ಕೊನೆಯ ಪುಟಗಳಲ್ಲಿ ಎಲ್ಲ ಭಾಗಗಳಿಗೂ ಅನ್ವಯಿಸುವ ಅಪವಾದಗಳಿರುತ್ತವೆ. ಯುದ್ಧ, ಆಕ್ರಮಣ, ಘೋಷಿತ ಅಥವಾ ಅಘೋಷಿತ ಹಗೆತನದ ಕಾರ್ಯಾಚರಣೆ, ಅಂತರ್ಯುದ್ಧ, ಬಂಡಾಯ, ಕ್ರಾಂತಿ, ದಂಗೆ, ಸೇನೆಯಿಂದ ಅಧಿಕಾರದ ಅಪಹರಣ ಇವುಗಳಿಂದಾದ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂದು ಅಲ್ಲಿ ಬರೆದಿರುತ್ತದೆ. ಅಂದರೆ ಬೀದಿಯ ಜಗಳ ಒಂದು ಹಂತದವರೆಗೆ ವಿಮೆಯ ಒಳಗಿರುತ್ತದೆ, ಆ ಹಂತ ದಾಟಿದರೆ ಹೊರಗೆ ಬೀಳುತ್ತದೆ. ಹುಬ್ಬಳ್ಳಿಯ ಅಂಗಡಿಕಾರರಿಗೆ ಇದು ಹೊಸ ವಿಷಯವಾಗಬೇಕಿಲ್ಲ. ಅವರ ಅಗ್ನಿ ವಿಮೆಯ ಪಾಲಿಸಿ ಗಲಭೆಯಿಂದಾದ ಹಾನಿಗೆ ಹಣ ಕೊಡುತ್ತಲೇ, ನಾಗರಿಕ ಕ್ಷೋಭೆಯು ‘ಜನರ ಬಂಡೇಳುವಿಕೆಯ ಪ್ರಮಾಣ’ ತಲುಪಿದರೆ ಕೊಡುವುದಿಲ್ಲ ಎಂಬ ಅರ್ಥದ ಅಪವಾದವನ್ನೂ ಇಟ್ಟುಕೊಂಡಿರುತ್ತದೆ.

ಈ ಗಡಿ ಎಲ್ಲಿದೆ ಎಂಬುದನ್ನು 2024ರ ಬಾಂಗ್ಲಾದೇಶ ಚೆನ್ನಾಗಿ ತೋರಿಸುತ್ತದೆ. ಸರ್ಕಾರಿ ನೌಕರಿಯ ಮೀಸಲಾತಿಯ ವಿರುದ್ಧ ವಿದ್ಯಾರ್ಥಿಗಳು ಜುಲೈನಲ್ಲಿ ಆರಂಭಿಸಿದ ಚಳವಳಿ ಹಿಂಸೆಗೆ ತಿರುಗಿತು, ಇಂಟರ್‌ನೆಟ್ ಸ್ಥಗಿತವಾಯಿತು, ಕರ್ಫ್ಯೂ ಬಂತು. ಅಲ್ಲಿಯವರೆಗಿನದನ್ನು ನಾಗರಿಕ ಕ್ಷೋಭೆ ಎನ್ನಲು ಯಾರೂ ಹಿಂಜರಿಯುವುದಿಲ್ಲ. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ರಾಜೀನಾಮೆ ಕೊಟ್ಟು ದೇಶ ಬಿಟ್ಟರು, ಢಾಕಾ ನಿಲ್ದಾಣ ಕೆಲವು ಗಂಟೆ ಮುಚ್ಚಿತು, ಭಾರತದ ವಿಮಾನ ಸಂಸ್ಥೆಗಳು ಅಲ್ಲಿಗೆ ಹೋಗುವ ವಿಮಾನಗಳನ್ನು ರದ್ದು ಮಾಡಿದವು. ಜುಲೈ 20ರಂದು ಪ್ರವಾಸ ಮೊಟಕಾದವರ ಕ್ಲೇಮಿಗೆ ‘ನಾಗರಿಕ ಕ್ಷೋಭೆ’ ಎಂಬ ಕಾರಣ ಸಲೀಸಾಗಿ ಹೊಂದುತ್ತದೆ. ಆಗಸ್ಟ್ 5ರ ಕ್ಲೇಮಿಗೆ ಕಂಪನಿಯ ಅಧಿಕಾರಿ ‘ಇದು ಕ್ರಾಂತಿ’ ಎಂದು ಬರೆದು ಕಡತ ಮುಚ್ಚಬಹುದು. ಎರಡೂ ಒಂದೇ ಚಳವಳಿಯ ದಿನಗಳು.

ಹಾಗೆ ಬರೆದ ಮಾತ್ರಕ್ಕೆ ಅದು ಅಂತಿಮವೇನಲ್ಲ. ಅಪವಾದವನ್ನು ಮುಂದಿಡುವವರೇ ಅದು ಅನ್ವಯಿಸುತ್ತದೆ ಎಂದು ಸಾಧಿಸಬೇಕು, ಪಾಲಿಸಿಯ ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿ ಓದಬೇಕು ಎಂಬುದು ವಿಮಾ ಕಾನೂನಿನ ಹಳೆಯ ನಿಯಮ. ಇದರಲ್ಲಿ ಎರಡನೆಯದನ್ನು ನಮ್ಮ ಸುಪ್ರೀಂ ಕೋರ್ಟ್ 1966ರ ಚಂದ್‌ಮಲ್ ಜೈನ್ ಪ್ರಕರಣದಲ್ಲಿಯೇ ಹೇಳಿದೆ. ಅಪವಾದಗಳನ್ನು ಎಷ್ಟು ಬಿಗಿಯಾಗಿ ಓದಬೇಕೆಂಬುದಕ್ಕೆ ಪ್ರಪಂಚದಾದ್ಯಂತ ಇಂದಿಗೂ ಉಲ್ಲೇಖಿಸುವ ತೀರ್ಪು ಅಮೆರಿಕದ್ದು. 1970ರ ಸೆಪ್ಟೆಂಬರ್ 6ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಪ್ಯಾನ್ ಅಮೆರಿಕನ್ ಸಂಸ್ಥೆಯ 747 ವಿಮಾನವನ್ನು ಪ್ಯಾಲೆಸ್ಟೀನಿನ ಸಂಘಟನೆಯೊಂದರವರು ಅಪಹರಿಸಿ, ಕೈರೋದಲ್ಲಿ ಪ್ರಯಾಣಿಕರನ್ನು ಇಳಿಸಿದ ಮೇಲೆ ಸ್ಫೋಟಿಸಿದರು. ಇದು ಯುದ್ಧ, ದಂಗೆ, ಗಲಭೆ ಹೀಗೆ ಏನಾದರೊಂದು ಆಗಿಯೇ ಆಗುತ್ತದೆ, ಆದ್ದರಿಂದ ಹಣ ಕೊಡುವುದಿಲ್ಲ ಎಂದು ವಿಮಾ ಕಂಪನಿಗಳು ವಾದಿಸಿದವು. 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಯುದ್ಧವೆನ್ನಲು ಎರಡೂ ಕಡೆ ರಾಜ್ಯ ಅಥವಾ ರಾಜ್ಯದಂಥ ಅಧಿಕಾರವಿರಬೇಕು, ದಂಗೆಯೆನ್ನಲು ಸರ್ಕಾರವನ್ನು ಉರುಳಿಸುವ ಉದ್ದೇಶವಿರಬೇಕು, ಇಲ್ಲಿ ಎರಡೂ ಇಲ್ಲ. ಅದು ವಿಮಾನದ ವಿಮೆಯ ಮೊಕದ್ದಮೆ, ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದೂ ಇಲ್ಲ. ಆದರೂ ನಿಲ್ದಾಣಕ್ಕೆ ನುಗ್ಗಿದ ಪ್ರತಿಭಟನಕಾರರನ್ನೆಲ್ಲ ದಂಗೆಕೋರರೆಂದು ಕರೆದು ಕೈತೊಳೆದುಕೊಳ್ಳುವುದು ಕಂಪನಿಗೆ ಸುಲಭವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಿಜವಾದ ಯುದ್ಧ ನಡೆದಾಗ ಇಂಥ ವಾದಕ್ಕೆ ಎಡೆಯಿಲ್ಲ. 2025ರ ಜೂನ್ 23ರಂದು ಕತಾರಿನಲ್ಲಿರುವ ಅಮೆರಿಕದ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದ ದಿನ ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿತು. ಬೆಂಗಳೂರಿನಿಂದ ದೋಹಾ ಮಾರ್ಗವಾಗಿ ಲಂಡನ್‌ಗೋ ಷಿಕಾಗೊಗೋ ಹೊರಟವರಿಗೂ ಅದರ ಬಿಸಿ ತಟ್ಟಿತು. ಅವರು ಹೋಗಬೇಕಿದ್ದ ಊರು ಶಾಂತವಾಗಿತ್ತು, ಹೊರಟ ಊರೂ ಶಾಂತವಾಗಿತ್ತು, ಆದರೆ ನಷ್ಟದ ಮೂಲ ಎರಡು ದೇಶಗಳ ನಡುವಿನ ಹಗೆತನದಲ್ಲಿತ್ತು. ಅಪವಾದದ ‘ಘೋಷಿತ ಅಥವಾ ಅಘೋಷಿತ’ ಎಂಬ ಮಾತು ಇರುವುದೇ ಇಂಥ ದಿನಗಳಿಗಾಗಿ. 2022ರ ಫೆಬ್ರುವರಿ 24ರಂದು ಉಕ್ರೇನಿನ ವಾಯುಪ್ರದೇಶ ಮುಚ್ಚಿದಾಗಲೂ ಇದೇ ಸ್ಥಿತಿ. ಅಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ನೆರೆಯ ದೇಶಗಳ ಗಡಿಯವರೆಗೆ ರೈಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಹೋಗಿ, ಕೇಂದ್ರ ಸರ್ಕಾರ ತನ್ನದೇ ಖರ್ಚಿನಲ್ಲಿ ನಡೆಸಿದ ‘ಆಪರೇಷನ್ ಗಂಗಾ’ದ ವಿಮಾನಗಳಲ್ಲಿ ಮರಳಿದರು. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದದ್ದು ಈ ಭಾಗದವರಿಗೆ ಇನ್ನೂ ನೆನಪಿದೆ. ಹೊರದೇಶಕ್ಕೆ ಓದಲು ಮಕ್ಕಳನ್ನು ಕಳಿಸುವ ಪೋಷಕರು ವಿದ್ಯಾರ್ಥಿ ವಿಮೆ ಮಾಡಿಸಿದ್ದೇವೆಂದು ನಿಶ್ಚಿಂತರಾಗಿರುವುದುಂಟು. ಯುದ್ಧದ ಅಪವಾದ ಆ ಪಾಲಿಸಿಗಳಲ್ಲೂ ಸಾಮಾನ್ಯ. ರಾಜಕೀಯ ಅಪಾಯದಿಂದ ಸ್ಥಳಾಂತರಿಸುವ ವೆಚ್ಚವನ್ನು ಕೊಡುವ ಯೋಜನೆಗಳು ಇವೆ, ಆದರೆ ಅದನ್ನು ಬೇಕೆಂದೇ ಕೇಳಿ ಕೊಳ್ಳಬೇಕು.

ಎರಡನೆಯ ಸಂಗತಿ ದಿನಾಂಕ. ಬೆಳೆ ವಿಮೆಗೆ ಕೊನೆಯ ದಿನವೊಂದಿರುತ್ತದೆಂದು ನಮ್ಮ ಸೀಮೆಯ ರೈತರಿಗೆ ಗೊತ್ತು. ಬೆಳೆ ಒಣಗಿದ ಮೇಲೆ ಪ್ರೀಮಿಯಂ ಕಟ್ಟಲು ಬ್ಯಾಂಕಿಗೆ ಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಪ್ರಯಾಣ ವಿಮೆಯಲ್ಲಿ ಹಾಗೆ ಮುಚ್ಚುವ ಕಿಟಕಿಯಿಲ್ಲ. ಗಲಭೆ ಸುದ್ದಿವಾಹಿನಿಗಳಲ್ಲಿ ಬರುತ್ತಿರುವಾಗಲೂ ಆನ್‌ಲೈನ್‌ನಲ್ಲಿ ಪಾಲಿಸಿ ಸಿಗುತ್ತದೆ, ಹಣವೂ ಕಟ್ಟಿಸಿಕೊಳ್ಳುತ್ತಾರೆ, ಆದರೆ ಕೊಳ್ಳುವಾಗಲೇ ತಿಳಿದಿದ್ದ ಘಟನೆಯಿಂದಾದ ನಷ್ಟಕ್ಕೆ ಕ್ಲೇಮ್ ಒಪ್ಪುವುದಿಲ್ಲ. ‘ತಿಳಿದಿದ್ದ’ ಎಂಬುದನ್ನು ಅಳೆಯಲು ಕಂಪನಿಗಳು ಮುಖ್ಯವಾಗಿ ನೋಡುವುದು ಸರ್ಕಾರದ ಪ್ರಯಾಣ ಸಲಹೆಯ ದಿನಾಂಕವನ್ನು. ಢಾಕಾದಲ್ಲಿರುವ ಭಾರತೀಯ ಹೈಕಮಿಷನ್ 2024ರ ಜುಲೈ 18ರಂದು ಅಲ್ಲಿನ ಭಾರತೀಯರಿಗೆ ಪ್ರಯಾಣ ಮಾಡದಿರಲು, ಮನೆಯಿಂದ ಆದಷ್ಟು ಹೊರಬರದಿರಲು ಸೂಚಿಸಿತ್ತು. ಜೂನ್‌ನಲ್ಲಿ ಪಾಲಿಸಿ ಕೊಂಡು ಆಗಸ್ಟ್ 6ಕ್ಕೆ ಟಿಕೆಟ್ ಇಟ್ಟುಕೊಂಡವರಿಗೂ, ಜುಲೈ 25ರಂದು ಕೊಂಡು ಅದೇ ವಿಮಾನದಲ್ಲಿ ಪಕ್ಕದ ಆಸನ ಕಾದಿರಿಸಿದವರಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ. ಹೀಗಾಗಿ ಪಾಲಿಸಿಯನ್ನು ಹೊರಡುವ ಹಿಂದಿನ ವಾರದಲ್ಲಿ ಕೊಳ್ಳುವ ಬದಲು ಟಿಕೆಟ್ ಕಾಯ್ದಿರಿಸಿದ ದಿನವೇ ಕೊಳ್ಳುವುದು ಜಾಣತನ. ಪ್ರೀಮಿಯಂ ಅಷ್ಟೇ, ರದ್ದತಿಯ ರಕ್ಷಣೆ ಮಾತ್ರ ಅಷ್ಟು ದಿನ ಮುಂಚೆ ಶುರುವಾಗುತ್ತದೆ.

ಭಯಕ್ಕೆ ವಿಮೆಯಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2022ರ ಜುಲೈನಲ್ಲಿ ಕೊಲಂಬೊದ ಅಧ್ಯಕ್ಷರ ನಿವಾಸಕ್ಕೆ ಜನ ನುಗ್ಗಿದಾಗಲೂ ಅಲ್ಲಿನ ನಿಲ್ದಾಣದಿಂದ ಬಹುಪಾಲು ವಿಮಾನಗಳು ಹಾರುತ್ತಿದ್ದವು. ವಿಮಾನ ಹಾರುತ್ತಿರುವಾಗ ‘ಈಗ ಹೋಗುವುದು ಬೇಡ’ ಎಂದು ತಾವೇ ಪ್ರವಾಸ ಕೈಬಿಟ್ಟರೆ ಅದು ಮನಸ್ಸು ಬದಲಾಯಿಸಿದ್ದೆಂದೇ ಲೆಕ್ಕ. ಸಂಸ್ಥೆ ವಿಮಾನವನ್ನು ರದ್ದು ಮಾಡುವ ಮೊದಲೇ ಆತುರದಿಂದ ಟಿಕೆಟ್ ರದ್ದು ಮಾಡುವವರು ವಿಮೆಯ ಹಣವನ್ನೂ ಪೂರ್ತಿ ರೀಫಂಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ರೀಫಂಡಿನ ಮಾತು ಬಂದದ್ದರಿಂದ ಮೂರನೆಯ ಸಂಗತಿಗೆ ಬರೋಣ. ವಿಮೆ ಇರುವುದು ಬೇರೆ ಯಾರೂ ತುಂಬಿಕೊಡದ ನಷ್ಟಕ್ಕೆ, ಆದ್ದರಿಂದ ಕಂಪನಿ ಮೊದಲು ಕೇಳುವುದು ವಿಮಾನ ಸಂಸ್ಥೆ ಮತ್ತು ಹೋಟೆಲ್ ಎಷ್ಟು ಹಿಂದಿರುಗಿಸಿದವು ಎಂದು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ರದ್ದಾದ ವಿಮಾನಕ್ಕೆ ಪರ್ಯಾಯ ವಿಮಾನವನ್ನೋ ಟಿಕೆಟ್ ಹಣವನ್ನೋ ಕೊಡಲೇಬೇಕು. ಆದರೆ ಅದರ ಮೇಲಿನ ಪರಿಹಾರದ ಹಣವನ್ನು ರಾಜಕೀಯ ಅಸ್ಥಿರತೆ, ಅಂತರ್ಯುದ್ಧ, ದಂಗೆ, ಗಲಭೆ, ಸರ್ಕಾರಿ ಆದೇಶದಂಥ ಅಸಾಧಾರಣ ಸಂದರ್ಭಗಳಲ್ಲಿ ಕೊಡಬೇಕಿಲ್ಲ. ವಿದೇಶಿ ಸಂಸ್ಥೆಗಳ ರೀಫಂಡಿಗೆ ಅವುಗಳ ಸ್ವಂತ ದೇಶದ ನಿಯಮ ಅನ್ವಯಿಸುತ್ತದೆ. ಯುರೋಪಿನಲ್ಲಿ ಸ್ಥಿತಿ ಇದಕ್ಕಿಂತ ಉತ್ತಮ: ಅಲ್ಲಿನ ನಿಲ್ದಾಣದಿಂದ ಹೊರಡುವ, ಅಥವಾ ಅಲ್ಲಿನ ಸಂಸ್ಥೆ ನಡೆಸುವ ವಿಮಾನದಲ್ಲಿ ಅಲ್ಲಿಗೆ ಹೋಗುವ ಪ್ರಯಾಣಿಕರಿಗೆ, ಅಸಾಧಾರಣ ಸಂದರ್ಭದಲ್ಲೂ ಊಟ ಮತ್ತು ವಸತಿಯನ್ನು ಸಂಸ್ಥೆಯೇ ನೋಡಿಕೊಳ್ಳಬೇಕು. 2010ರ ಐಸ್‌ಲ್ಯಾಂಡ್ ಜ್ವಾಲಾಮುಖಿಯ ದಿನಗಳ ಪ್ರಕರಣವೊಂದರಲ್ಲಿ ಯುರೋಪಿಯನ್ ನ್ಯಾಯಾಲಯ 2013ರಲ್ಲಿ ಈ ಹೊಣೆಗೆ ದಿನಗಳ ಮಿತಿಯಿಲ್ಲ ಎಂದಿದೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರಸ್ತೆಯ ಏಜೆಂಟರ ಮೂಲಕ ಟಿಕೆಟ್ ಕೊಂಡಿದ್ದರೂ ರೀಫಂಡಿನ ಅಂತಿಮ ಹೊಣೆ ನಮ್ಮ ನಿಯಮದ ಪ್ರಕಾರ ವಿಮಾನ ಸಂಸ್ಥೆಯದೇ, ಏಜೆಂಟರು ಅದರ ಪ್ರತಿನಿಧಿಗಳು. ಪ್ಯಾಕೇಜ್ ಪ್ರವಾಸಗಳಲ್ಲಿ ಟಿಕೆಟ್, ಹೋಟೆಲ್, ಬಸ್ಸು ಎಲ್ಲವನ್ನೂ ಒಂದೇ ರಸೀದಿಯಲ್ಲಿ ಬರೆದುಕೊಡುವ ಪದ್ಧತಿಯಿದೆ; ಯಾವುದಕ್ಕೆ ಎಷ್ಟೆಂದು ಬಿಡಿಸಿ ಬರೆಸಿಕೊಳ್ಳದಿದ್ದರೆ ಮುಂದೆ ಕ್ಲೇಮಿನ ಲೆಕ್ಕ ಹೊಂದಿಸಲಾಗುವುದಿಲ್ಲ.

ಹುಬ್ಬಳ್ಳಿಯವರಿಗೆ ಇನ್ನೊಂದು ತೊಡಕು ವಿಶೇಷವಾಗಿ ಕಾಡುತ್ತದೆ. ಹುಬ್ಬಳ್ಳಿ ನಿಲ್ದಾಣದಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ. ಬೆಂಗಳೂರು, ಮುಂಬೈ ಅಥವಾ ಗೋವಾವರೆಗೆ ಬೇರೆ ಟಿಕೆಟ್‌ನಲ್ಲಿ, ಎಷ್ಟೋ ಸಲ ರೈಲು ಅಥವಾ ಬಸ್ಸಿನಲ್ಲಿ ಹೋಗಬೇಕು. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನದು ರದ್ದಾದಾಗ ಹಿಂದಿನದನ್ನೂ ಸಂಸ್ಥೆಯೇ ಸರಿಪಡಿಸಬೇಕು, ಬೇರೆ ಬೇರೆಯಾಗಿದ್ದರೆ ಬೆಂಗಳೂರಿನ ಟಿಕೆಟ್ ನಿಮ್ಮದೇ ತಲೆನೋವು. ಹಲವು ಪಾಲಿಸಿಗಳಲ್ಲಿ ವಿಳಂಬ ಮತ್ತು ಸಂಪರ್ಕ ವಿಮಾನದ ರಕ್ಷಣೆ ಭಾರತ ಬಿಟ್ಟ ಮೇಲಷ್ಟೇ ಶುರುವಾಗುವುದರಿಂದ ಈ ಮೊದಲ ಹಂತ ವಿಮೆಯ ಹೊರಗೇ ಉಳಿಯುತ್ತದೆ.

ಪರದೇಶದಲ್ಲಿ ಸಿಕ್ಕಿಬಿದ್ದಾಗ ಪಾಲಿಸಿಯ ಅವಧಿಯೇ ಮುಗಿದರೆ ಏನು ಗತಿ ಎಂಬ ಆತಂಕ ಸಹಜ. ಪ್ರಯಾಣಿಕರ ಕೈಮೀರಿದ ಕಾರಣಕ್ಕೆ ಮರಳುವುದು ತಡವಾದರೆ ಹಲವು ಪಾಲಿಸಿಗಳು ತಾವಾಗಿಯೇ 7 ದಿನ ಮುಂದುವರಿಯುತ್ತವೆ. ಉಳಿದವನ್ನು ಅವಧಿ ಮುಗಿಯುವ ಮೊದಲೇ ಹಣ ಕಟ್ಟಿ ವಿಸ್ತರಿಸಿಕೊಳ್ಳಬೇಕು. ನಡುವೆ ಜ್ವರವೋ ಮೂಳೆ ಮುರಿತವೋ ಆದರೆ ವೈದ್ಯಕೀಯ ಭಾಗ ಎಂದಿನಂತೆ ನಡೆಯುತ್ತದೆ, ಆದರೆ ಪ್ರತಿಭಟನೆಯಲ್ಲಿ ತಾವೇ ಭಾಗವಹಿಸಿ ಪೆಟ್ಟು ತಿಂದವರಿಗೆ ಅದು ಅನ್ವಯಿಸುವುದಿಲ್ಲ. ಮೊಬೈಲ್ ಎತ್ತಿ ಚಿತ್ರೀಕರಿಸಲು ಗುಂಪಿನೊಳಗೆ ಹೋದವರ ವಿಷಯದಲ್ಲೂ ಕಂಪನಿ ಪ್ರಶ್ನೆ ಎತ್ತದೆ ಬಿಡುವುದಿಲ್ಲ.

ಕ್ಲೇಮಿನ ಭವಿಷ್ಯ ಹೆಚ್ಚಾಗಿ ನಿಲ್ದಾಣದಲ್ಲಿಯೇ ನಿರ್ಧಾರವಾಗುತ್ತದೆ. ಎಷ್ಟು ಗಂಟೆಗೆ ಹೊರಡಬೇಕಿತ್ತು, ಯಾವಾಗ ರದ್ದಾಯಿತು, ಏಕೆ ಎಂಬುದನ್ನು ವಿಮಾನ ಸಂಸ್ಥೆಯಿಂದ ಬರಹದಲ್ಲಿ ಪಡೆಯಬೇಕು. ಸಂಸ್ಥೆಗಳು ‘ಕಾರ್ಯಾಚರಣೆಯ ಕಾರಣಗಳಿಂದ’ ಎಂದಷ್ಟೇ ಬರೆದುಕೊಡುವ ರೂಢಿಯಿದೆ. ಈ ಮಾತು ಪಾಲಿಸಿಯ ಯಾವ ಕಾರಣಕ್ಕೂ ಹೊಂದುವುದಿಲ್ಲವಾದ್ದರಿಂದ ಕ್ಲೇಮ್ ಅಲ್ಲಿಯೇ ಎಡವುತ್ತದೆ. ನಿಲ್ದಾಣ ಮುಚ್ಚಿದ್ದರಿಂದ ಎಂಬ ನಿಜವಾದ ಕಾರಣವನ್ನು ಬರೆಯಿರೆಂದು ಕೇಳಬೇಕು. ಒಪ್ಪದಿದ್ದರೆ ವಿಮಾನಯಾನ ಪ್ರಾಧಿಕಾರ ನಿಲ್ದಾಣ ಮುಚ್ಚುವಾಗ ಹೊರಡಿಸುವ ‘ನೋಟಾಮ್’ ಸೂಚನೆಯನ್ನು, ನಮ್ಮ ರಾಯಭಾರ ಕಚೇರಿಯ ಪ್ರಕಟಣೆಯನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಬೇಕು. ವಿಮಾ ಕಂಪನಿಯ 24 ಗಂಟೆಯ ಸಹಾಯವಾಣಿಗೆ ಅಲ್ಲಿಂದಲೇ ಕರೆ ಮಾಡಿ ಕ್ಲೇಮಿನ ಉಲ್ಲೇಖ ಸಂಖ್ಯೆಯನ್ನು ಪಡೆಯುವುದು, ಹೋಟೆಲ್ ಮತ್ತು ಊಟದ ರಸೀದಿಗಳನ್ನು ಆಗಲೇ ಫೋಟೊ ತೆಗೆದಿಡುವುದು ಉಳಿದ ಕೆಲಸ.

ಕಂಪನಿ ನಿರಾಕರಿಸಿದರೆ, ಯಾವ ಷರತ್ತಿನ ಅಡಿಯಲ್ಲಿ ಎಂದು ಬರಹದಲ್ಲಿ ಕೇಳಿ, ಮೊದಲು ಅದರ ಕುಂದುಕೊರತೆ ವಿಭಾಗಕ್ಕೇ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಅವರ ಬೆಂಗಳೂರು ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ, ಅವರ ತೀರ್ಪು ಕಂಪನಿಯನ್ನು ಬಂಧಿಸುತ್ತದೆ, ಗ್ರಾಹಕರನ್ನಲ್ಲ. ಇನ್ನೊಂದು ದಾರಿ ಗ್ರಾಹಕರ ಆಯೋಗದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ವ್ಯಾಜ್ಯ ಧಾರವಾಡ, ಗದಗ ಅಥವಾ ಹಾವೇರಿಯ ಜಿಲ್ಲಾ ಆಯೋಗದಲ್ಲಿ ನಡೆಯುತ್ತದೆ. ಕಾಲಮಿತಿ ಎರಡು ವರ್ಷ. ಆಯೋಗದಲ್ಲಿ ದೂರು ಬಾಕಿಯಿರುವಾಗ ಒಂಬುಡ್ಸ್‌ಮನ್ ಅದೇ ವಿಷಯವನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಶುಲ್ಕವಿಲ್ಲದ ಒಂಬುಡ್ಸ್‌ಮನ್ ದಾರಿಯನ್ನು ಮೊದಲು ಹಿಡಿದು, ತೀರ್ಪು ಒಪ್ಪಿಗೆಯಾಗದಿದ್ದರೆ ಆಯೋಗಕ್ಕೆ ಹೋಗುವ ಅನುಕ್ರಮವೇ ಪ್ರಯಾಣಿಕರಿಗೆ ಅನುಕೂಲಕರ.